ಹನ್ನೊಂದು ನಿಮಿಷದ ನಕ್ಷೆ

"ಓಬಳೇಶ್ ಅಂದ್ರ ನೀವ ಏನ್ರಿ?"

ಸೋಲ್ಡರಿಂಗ್ ಹೊಗೆಯ ಹಿಂದಿನಿಂದ ಓಬಳೇಶ ತಲೆ ಎತ್ತಿದ. ಹೊಸಪೇಟೆಯ ಸ್ಟೇಷನ್ ರೋಡಿನಲ್ಲಿದ್ದ ಅವನ ಪುಟ್ಟ ಕಂಪ್ಯೂಟರ್ ಅಂಗಡಿಯ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಮೂವತ್ತನಾಲ್ಕೋ ಐದೋ ಇರಬಹುದು. ಬೂದು ಬಣ್ಣದ ಕಾಟನ್ ಸೀರೆ, ಭುಜಕ್ಕೆ ನಕ್ಷೆ ಸುರುಳಿ ಇಡುವ ಉದ್ದನೆಯ ಡಬ್ಬಿ. ಬಸ್ಸಿನ ಧೂಳು ಇನ್ನೂ ಹುಬ್ಬಿನ ಮೇಲಿತ್ತು.

"ಹೌದ್ರಿ. ಬರ್ರಿ, ಕುಂದ್ರಿ."

"ಕುಂದ್ರಾಕ ಬಂದಿಲ್ಲ. ನೀವು ನನಗ ಮೋಸ ಮಾಡೀರಿ ಅಂತ ಹೇಳಾಕ ಬಂದೀನಿ."

ಅವಳು ಒಂದು ಗ್ರಾಫ್ ಹಾಳೆಯನ್ನು ಟೇಬಲ್ಲಿನ ಮೇಲೆ ಹರಡಿದಳು. ಅಚ್ಚು ಹಾಕಿದಂಥ ಅಕ್ಷರ. ಎಡಕ್ಕೆ 'ಚಿಪ್ ಹಾಕುವ ಮುಂಚೆ' ಎಂದು ಬರೆದು ಅದರ ಕೆಳಗೆ ಮೂರು ಸಲ 21.3. ಬಲಕ್ಕೆ 'ಹಾಕಿದ ಮೇಲೆ'. ಅದರ ಕೆಳಗೂ ಮೂರು ಸಲ 21.3.

ಓಬಳೇಶನಿಗೆ ಆಗ ನೆನಪಾಯಿತು. ಹಿಂದಿನ ವಾರ ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಲಾರಿಯಲ್ಲಿ ಒಂದು ಹಳೇ ಕಂಪ್ಯೂಟರ್ ಬಂದಿತ್ತು. ಗಣಿತದ ಚಿಪ್ ಒಂದನ್ನು ಕೂರಿಸಿ ಅದೇ ಲಾರಿಯಲ್ಲಿ ವಾಪಸು ಕಳಿಸಿದ್ದ. ಚೀಟಿಯ ಮೇಲಿದ್ದ ಹೆಸರು ಮರುಳಸಿದ್ದಮ್ಮ. ಯಾರೋ ವಯಸ್ಸಾದವರಿರಬೇಕು ಅಂದುಕೊಂಡಿದ್ದ.

"ಇದನ್ನ ಯಾವ ಸಾಫ್ಟ್‌ವೇರ್‌ನಾಗ ಅಳದ್ರಿ?"

"ಮ್ಯಾಗಜಿನ್ ಜೋಡಿ ಬಂದ ಫ್ಲಾಪಿಯೊಳಗಿತ್ತು. ಕಂಪ್ಯೂಟರಿನ ವೇಗ ಹೇಳ್ತೈತಿ ಅಂತ ಬರದಿದ್ರು."

ಓಬಳೇಶನಿಗೆ ನಗು ಬಂತು. ಬರಬಾರದಿತ್ತು. ಅವಳ ಕಣ್ಣು ಕಿರಿದಾದದ್ದು ನೋಡಿ ತಕ್ಷಣ ನಗು ನುಂಗಿದ.

"ತಪ್ಪು ತಿಳ್ಕೋಬ್ಯಾಡ್ರಿ ಮೇಡಂ. ಈ ಸಾಫ್ಟ್‌ವೇರ್ ಪೂರ್ಣಾಂಕದ ಲೆಕ್ಕ ಅಷ್ಟ ಅಳಿತೈತಿ. ಎರಡು ಕೂಡಸು ಎರಡು, ಅಂಥವು. ನಾ ಹಾಕಿದ ಚಿಪ್ ದಶಮಾಂಶದ ಲೆಕ್ಕಕ್ಕ. ಕೋನ, ವೃತ್ತ, ಕಮಾನು... ನೀವು ನಕ್ಷಿ ಬರಿಯೋರಲ್ಲೇನ್ರಿ? ನಿಮ್ಮ ಕೆಲಸ ಎಲ್ಲಾ ಅದರ ಮ್ಯಾಲೇ ನಡಿತೈತಿ. ಈಗ ನೀವು ಬಟ್ಟಿ ಉದ್ದ ನೋಡಾಕ ತಕ್ಕಡಿ ಹಿಡದೀರಿ."

ಅವಳು ಹಾಳೆಯ ಎರಡೂ ಸಾಲನ್ನು ಮತ್ತೊಮ್ಮೆ ನೋಡಿದಳು. ಆಮೇಲೆ, ಅವನು ಮತ್ತೆ ಹೇಳದೇ ಇದ್ದರೂ, ಸ್ಟೂಲಿನ ಮೇಲೆ ಕುಳಿತಳು.

"ಹಂಗಾರ ನನಗ ಅಳತಿಕೋಲು ಕೊಡ್ರಿ," ಅಂದಳು.

ಓಬಳೇಶ ಹತ್ತು ವರ್ಷದಿಂದ ರಿಪೇರಿ ಮಾಡುತ್ತಿದ್ದ. ಸಂಡೂರಿನ ಗಣಿ ಆಫೀಸಿನ ಮಷೀನುಗಳಿಂದ ಹಿಡಿದು ಹೊಸಪೇಟೆಯ ಡಾಕ್ಟರುಗಳ ಮನೆಯ ಕಂಪ್ಯೂಟರಿನವರೆಗೆ. ಎಲ್ಲರೂ ಕೇಳುವುದು ಒಂದೇ ಮಾತು: ಚಾಲೂ ಆತೇನು? ಅವನು ಮಾಡಿದ ಕೆಲಸವನ್ನು ಮೂರು ಮೂರು ಸಲ ಅಳೆದು ನೋಡಿದವರು ಯಾರೂ ಇರಲಿಲ್ಲ.

"ಮನಿಗೆ ಹೋಗಿ ಒಂದು ನಕ್ಷಿ ತಗದು ನೋಡ್ರಿ ಮೇಡಂ. ನಿಮಗ ಗೊತ್ತಾಗ್ತೈತಿ."

"ಗೊತ್ತಾದ್ರ ಸಾಲದು. ಚಿಪ್ ಬಂದ ಮ್ಯಾಲೆ ನಾ ಇನ್ನೂ ನಕ್ಷಿ ತಗದಿಲ್ಲ, ಅಳತಿ ಆಗೋತನಕ ತಗಿಯಂಗೂ ಇಲ್ಲ. ಕಮಲಾಪುರದಾಗ ಹಂಪಿ ಸರ್ವೇ ಮಾಡೋ ಒಂದು ತಂಡ ಐತಿ. ನಾ ಅವರಿಗೆ ಮನ್ಯಾಗ ಕುಂತು ಮಂಟಪಗಳ ನಕ್ಷಿ ಮಾಡಿ ಕೊಡ್ತೀನಿ. ನನ್ನ ವರದಿ ನೋಡಿ ಆಫೀಸಿನ ಉಳಿದ ಕಂಪ್ಯೂಟರಿಗೂ ಈ ಚಿಪ್ ಹಾಕಸ್ಬೇಕೋ ಬ್ಯಾಡೋ ಅಂತ ಅಲ್ಲಿ ಮೇಡಂ ತೀರ್ಮಾನ ಮಾಡ್ತಾರ. ಜಲ್ದಿ ಅನ್ನಿಸ್ತು ಅಂತ ಬರದು ಕೊಡಾಕ ಬರ್ತೈತೇನ್ರಿ? ಚಿಪ್ ತಗದು ಅಳೀಬೇಕು, ಹಾಕಿ ಅಳೀಬೇಕು. ಸರಿಯಾದ ಸಾಫ್ಟ್‌ವೇರ್‌ನಾಗ."

"ನಿಮ್ಮ ಊರಿಗೆ ಬರ್ಬೇಕಾಗ್ತೈತಿ."

"ಐತ್ವಾರ ಬರ್ರಿ. ಮಿಲ್ಲಿಗೆ ಸೂಟಿ. ಮೋಟರ್ ನಡದ್ರ ಕರೆಂಟ್ ಕುಣೀತೈತಿ."

ಅವಳು ಹೋದ ಮೇಲೂ ಹಾಳೆ ಟೇಬಲ್ಲಿನ ಮೇಲೇ ಉಳಿದಿತ್ತು. ಮರೆತಿದ್ದಳೋ, ಬಿಟ್ಟುಹೋಗಿದ್ದಳೋ. ಓಬಳೇಶ ಅದನ್ನು ಮಡಚದೆ ಗೋಡೆಗೆ ಅಂಟಿಸಿದ.

*

ಭಾನುವಾರಗಳೆಂದರೆ ಓಬಳೇಶನಿಗೆ ಆಗುತ್ತಿರಲಿಲ್ಲ.

ಅವನು ಸಂಡೂರು ತಾಲೂಕಿನ ಬಂಡ್ರಿಯವನು. ಅಪ್ಪ ಮಾರೆಪ್ಪ ಗಣಿಯಲ್ಲಿ ಕೂಲಿ ಮಾಡುತ್ತಲೇ ತೀರಿಕೊಂಡಿದ್ದ, ಅವ್ವ ಅವನ ಹಿಂದೆಯೇ ಹೋಗಿದ್ದಳು. ಇಬ್ಬರು ತಂಗಿಯರನ್ನು ಓದಿಸಿ, ಮದುವೆ ಮಾಡಿ ಕಳಿಸುವಷ್ಟರಲ್ಲಿ ಓಬಳೇಶನಿಗೆ ಮೂವತ್ತೇಳಾಗಿತ್ತು. ನಿನಗೂ ಒಂದು ಹೆಣ್ಣು ನೋಡೋಣ ಎನ್ನುವವರು ಆಮೇಲೆ ಯಾರೂ ಉಳಿಯಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆ. ವಾರದ ಆರು ದಿನ ಖಾನಾವಳಿಯಲ್ಲಿ ಊಟ. ಭಾನುವಾರ ಅದೂ ಮುಚ್ಚಿರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ತನ್ನದಲ್ಲದ ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ನೋಡುತ್ತಾ ನಿಲ್ಲುತ್ತಿದ್ದ.

ಆ ಭಾನುವಾರ ಕಂಪ್ಲಿ ಬಸ್ಸು ಅವನದಾಯಿತು. ಕೈಯಲ್ಲಿ ನಾಲ್ಕು ಫ್ಲಾಪಿಗಳಿದ್ದವು. ಕಮಲಾಪುರ ದಾಟಿದ ಮೇಲೆ ಬಾಳೆ ತೋಟ, ಕಬ್ಬು, ಕಾಲುವೆ ನೀರು ನಿಂತ ಗದ್ದೆಗಳು. ೧೯೯೫ರ ದೀಪಾವಳಿ ಕಳೆದು ಕೆಲವೇ ದಿನ. ಗದ್ದೆಗಳು ಹಳದಿಗೆ ತಿರುಗಿದ್ದವು.

ಗಿರಣಿಯ ಗೋದಾಮಿನ ಪಕ್ಕದಲ್ಲಿ ಮೇಲಕ್ಕೆ ಕಬ್ಬಿಣದ ಮೆಟ್ಟಿಲು. ಮೆಟ್ಟಿಲ ತುದಿಗೆ ಒಂದು ಕೋಣೆ, ಅದರಲ್ಲಿ ಅವಳು. ಕಿಟಕಿಯ ಆಚೆ ತೌಡಿನ ಗುಡ್ಡೆ, ಅದರಾಚೆ ಹೊಳೆ. ಗಾಳಿಯಲ್ಲಿ ಕುದಿಸಿದ ಭತ್ತದ ವಾಸನೆ.

"ಮನಿ ಅಣ್ಣಂದು," ಅಂದಳು ಮರುಳಸಿದ್ದಮ್ಮ, ಅವನು ಕೇಳುವ ಮೊದಲೇ. "ನಾ ಗಂಡನ ಮನಿಯಿಂದ ಬಂದು ಹತ್ತು ವರ್ಷ ಆತು. ಈ ಕೋಣಿ ನಂದು." ಅಷ್ಟೇ. ಮಾತು ಅಲ್ಲಿಗೆ ಮುಚ್ಚಿತು. ಫ್ಲಾಪಿಗಾಗಿ ಕೈ ಚಾಚಿದಳು.

ಮೊದಲನೆಯದು ಅವಳ ಬಳಿ ಇದ್ದ ಸಾಫ್ಟ್‌ವೇರೇ. ಎರಡನೆಯದು ಹಾರ್ಡ್ ಡಿಸ್ಕಿನ ವೇಗ ಹೇಳುತ್ತಿತ್ತು. ಮೂರನೆಯದರಲ್ಲಿ ಬಣ್ಣಬಣ್ಣದ ಪಟ್ಟಿಗಳು ಓಡುತ್ತಿದ್ದವು, ನಡುನಡುವೆ ಸಂಗೀತ ಬೇರೆ. ಒಂದು ಸಲ 40 ಅಂದಿತು, ಇನ್ನೊಂದು ಸಲ 47.

"ಇದು ಸಂತ್ಯಾಗ ಬಳಿ ಮಾರೋರಂಗ ಐತಿ," ಅಂದಳು. "ಚಂದ ಐತಿ, ನಂಬಾಕ ಬರಂಗಿಲ್ಲ."

ನಾಲ್ಕನೆಯದು ದಶಮಾಂಶದ ಲೆಕ್ಕವನ್ನು ಅಳೆಯುವಂಥದ್ದು. ಚಿಪ್ ಇದ್ದಾಗ ಒಂದು ಅಂಕಿ ಕೊಟ್ಟಿತು. ಓಬಳೇಶ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಚಿಪ್ ತೆಗೆದ, ಮತ್ತೆ ಓಡಿಸಿದ. ಹದಿನೈದು ಪಟ್ಟು ವ್ಯತ್ಯಾಸ. ಅವನ ಮುಖ ಅರಳಿತು.

ಅವಳ ಮುಖ ಅರಳಲಿಲ್ಲ. "ಇದು ನನ್ನ ಕೆಲಸ ಹದಿನೈದು ಪಟ್ಟು ಜಲ್ದಿ ಆಗ್ತೈತಿ ಅಂತೇನ್ರಿ?"

"ಇಲ್ಲ್ರಿ. ಲೆಕ್ಕ ಅಷ್ಟ ಜಲ್ದಿ. ಡಿಸ್ಕ್, ಪರದೆ, ಅವು ಇದ್ದಂಗ ಇರ್ತಾವ."

"ಹಂಗಾರ ಈ ಅಂಕಿ ನಂದಲ್ಲ. ನನ್ನ ಕೆಲಸಾನ ಅಳತಿ ಆಗ್ಲಿ."

ಹೊಳೆದಂಡೆಯ ಒಂದು ಹೆಸರಿಲ್ಲದ ಮಂಟಪದ ನಕ್ಷೆ ತೆರೆದಳು. ಮೂವತ್ತಾರು ಕಂಬ. ಹಿಂದಿನ ಕಂಬಗಳ ಮರೆಯಾದ ಗೆರೆಗಳನ್ನೆಲ್ಲ ತೆಗೆದು ಚಿತ್ರವನ್ನು ಮತ್ತೆ ಬರೆ ಎಂದು ಕಂಪ್ಯೂಟರಿಗೆ ಹೇಳುವುದು, ಅದು ಮುಗಿಸುವವರೆಗಿನ ಹೊತ್ತು ಎಣಿಸುವುದು. ಅಳತೆಗೆ ಅವಳೇ ನಿಯಮ ಮಾಡಿದಳು: ಅದೇ ನಕ್ಷೆ, ಪ್ರತಿ ಸಲ ಕಂಪ್ಯೂಟರನ್ನು ಹೊಸದಾಗಿ ಚಾಲೂ ಮಾಡಬೇಕು, ಬೇರೆ ಏನೂ ತೆರೆದಿರಬಾರದು, ಮೂರು ಸಲ ಅಳೆದು ನಡುವಿನದನ್ನು ಇಟ್ಟುಕೊಳ್ಳಬೇಕು. ಓಡುವಾಗ ಯಾರೂ ಮುಟ್ಟಬಾರದು.

"ಕೈ ಹಿಂದ ತಗೋರಿ," ಅಂದಳು. ಓಬಳೇಶ ಕೈ ಹಿಂದೆ ತೆಗೆದುಕೊಂಡ. ಅವನ ಡಿಜಿಟಲ್ ವಾಚು ಎಣಿಸತೊಡಗಿತು.

ಚಿಪ್ ಇಲ್ಲದೆ ಹನ್ನೊಂದು ನಿಮಿಷ ಹಿಡಿಯಿತು.

ಹನ್ನೊಂದು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಅಪರಿಚಿತರಿಬ್ಬರು ಮುಟ್ಟಲಾಗದ ಯಂತ್ರದ ಮುಂದೆ ಕುಳಿತಾಗಲೇ ತಿಳಿಯುವುದು. ಮೊದಲ ಸಲ ಇಬ್ಬರೂ ಪರದೆಯನ್ನೇ ನೋಡಿದರು. ಎರಡನೆಯ ಸಲ ಅವಳು ಕೇಳಿದಳು, "ದಿನಾ ಇಷ್ಟ ಸುಮ್ನ ಇರ್ತೀರೇನ್ರಿ?"

"ಮಾತಾಡಾಕ ಯಾರಿರ್ತಾರ್ರಿ? ಮಷೀನ್ ಜೋಡಿ ಬೈದಾಡ್ತೀನಿ ಒಮ್ಮೊಮ್ಮೆ."

"ಅವು ಏನಂತಾವ?"

"ಬೀಪ್ ಅಂತಾವ."

ಅವಳು ನಕ್ಕಳು. ನಗು ಮೊದಲು ತುಟಿಯ ಒಂದೇ ಅಂಚಿಗೆ ಬಂತು, ಬರಲೋ ಬೇಡವೋ ಎಂಬಂತೆ ತಡೆದು ನಿಂತು, ಆಮೇಲೆ ಪೂರ್ತಿ ಮುಖಕ್ಕೆ ಹರಡಿತು. ಓಬಳೇಶ ಪರದೆ ನೋಡುವುದನ್ನು ಮರೆತ.

ಮೂರನೆಯ ಸಲ ಅವಳು ತನ್ನ ಹನ್ನೊಂದು ನಿಮಿಷಗಳ ವಿಷಯ ಹೇಳಿದಳು. "ದಿನಕ್ಕ ಹತ್ತು ಹನ್ನೆರಡು ಸಲ ಹಿಂಗ ಕಾಯ್ತೀನಿ. ಕಿಟಕ್ಯಾಗ ನಿಂದರ್ತೀನಿ. ಗೋದಾಮಿನ ಮ್ಯಾಲೆ ಎಷ್ಟು ಪಾರಿವಾಳ ಅವ ಅಂತ ಎಣಿಸ್ತೀನಿ. ಕೆಳಗ ಅಣ್ಣನ ಸಂಸಾರ ಗದ್ದಲ ಮಾಡ್ತಿರ್ತೈತಿ. ನಾ ಇಲ್ಲಿ ಇದೀನಿ ಅಂತ ಒಮ್ಮೊಮ್ಮೆ ಅವರಿಗೆ ನೆನಪಿರಂಗಿಲ್ಲ. ಊಟಕ್ಕ ಕರಿಯೋದು ಮರೀತಾರ. ಬೇಕಂತ ಅಲ್ಲ, ಮತ್ತ."

"ನಮ್ಮ ಖಾನಾವಳಿ ಐತ್ವಾರ ಮುಚ್ಚಿರ್ತೈತ್ರಿ," ಅಂದ ಓಬಳೇಶ. ಅವಳಿಗೆ ಅರ್ಥವಾಯಿತು ಅನ್ನಿಸಿತು.

ಚಿಪ್ಪನ್ನು ಮತ್ತೆ ಕೂರಿಸಿ ಅಳೆದರು. ಒಂದು ನಿಮಿಷ ಮೂವತ್ತೆಂಟು ಸೆಕೆಂಡ್. ಅವಳು ಬೆರಗಾಗಿ ಅವನತ್ತ ತಿರುಗಿದಳು. ಆ ಕಣ್ಣುಗಳ ಹೊಳಪನ್ನು ಓಬಳೇಶ ಇಡೀ ದಾರಿ ಬಸ್ಸಿನಲ್ಲಿ ಹೊತ್ತುಕೊಂಡು ಬಂದ. ಆದರೆ ಅವನ ಮನಸ್ಸಿನ ಒಂದು ಮೂಲೆಗೆ ಬೇಸರವೂ ಆಗಿತ್ತು. ಒಂದೂವರೆ ನಿಮಿಷದಲ್ಲಿ ಯಾರಿಗೆ ಏನು ಮಾತಾಡಲಿಕ್ಕಾಗುತ್ತದೆ?

*

ಡಿಸೆಂಬರಿನಲ್ಲಿ ಹೊಸ ಹಾರ್ಡ್ ಡಿಸ್ಕ್ ಹಾಕಬೇಕು ಅಂದ. ಹಾಕುವ ಮುಂಚೆ ಒಂದು ಭಾನುವಾರ, ಹಾಕಿದ ಮೇಲೆ ಒಂದು ಭಾನುವಾರ. ಡಿಸ್ಕಿನ ಸಾಫ್ಟ್‌ವೇರ್ ಬೇರೆ ಇತ್ತಲ್ಲ, ಅದಕ್ಕೊಂದು ಭಾನುವಾರ. ಸಂಕ್ರಾಂತಿ ಕಳೆದ ಮೇಲೆ ಮೆಮರಿ ನಾಲ್ಕರಿಂದ ಎಂಟು ಎಂಬಿ ಮಾಡೋಣ ಅಂದ.

ಅವಳು ಎಲ್ಲವನ್ನೂ ಬರೆದಿಟ್ಟಳು. ಒಂದು ದಿನ ಕಂಪ್ಯೂಟರಿನ ಡಬ್ಬಿ ತೆರೆದಿದ್ದಾಗ ಪೆನ್ಸಿಲ್ ಹಿಡಿದು ಒಳಗಿನ ಚಿತ್ರವನ್ನೂ ಬರೆದುಕೊಂಡಳು. ಒಂದೊಂದು ವೈರು, ಅದರ ಬಣ್ಣ, ಅದು ಹೋಗಿ ಸೇರುವ ಪಿನ್ನು.

"ಇದೇನ್ರಿ, ಇದೂ ಒಂದು ಮಂಟಪ ಏನು?"

"ನಾ ನೋಡಿದ್ದನ್ನೆಲ್ಲಾ ಬರದಿಡ್ತೀನಿ. ಚಟ."

"ನನ್ನೂ ಬರದಿಟ್ಟೀರೇನು?"

ಅವಳು ಪೆನ್ಸಿಲ್ ನಿಲ್ಲಿಸಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. "ಅಲ್ಲಾಡದಂಗ ಕುಂತ್ರ ಬರೀಬಹುದು," ಅಂದಳು.

ಒಮ್ಮೆ ಅವಳು ಅವನಿಗಾಗಿ ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಟ್ಟಳು. ಅವನು ಬಸ್ಸಿನಲ್ಲೇ ಬಿಚ್ಚಿ ತಿಂದ. ಹೊಸಪೇಟೆಯವರೆಗೆ ತಡೆಯಲಾಗಲಿಲ್ಲ. ಮರುವಾರ ಊಟದ ಡಬ್ಬಿ ತೊಳೆದು ವಾಪಸು ಕೊಟ್ಟ. ಬರೀ ಡಬ್ಬಿ ಕೊಡಬಾರದು ಅಂತ ಅದರಲ್ಲಿ ಸಂಡೂರಿನ ಸೀತಾಫಲ ಇಡಬೇಕೆಂದುಕೊಂಡ, ಅದರ ಕಾಲ ಮುಗಿದಿತ್ತು. ಪೇರಲ ಇಟ್ಟ.

ಫೆಬ್ರವರಿಯ ಕೊನೆಯ ಭಾನುವಾರ ಮೆಮರಿ ಹಾಕಿ ಅಳೆದಾಗ ಒಂದು ನಿಮಿಷ ಹನ್ನೆರಡು ಸೆಕೆಂಡ್ ಬಂತು. ಮಂಟಪದ ಕಂಬಗಳು ಒಂದರ ಹಿಂದೊಂದು ಮೂಡಿ ನಿಂತವು.

"ಇನ್ನೇನು ಹಾಕಬಹುದ್ರಿ?" ಅವಳು ಕೇಳಿದಳು.

"ಇಷ್ಟ. ಈ ಬೋರ್ಡ್ ಇದಕ್ಕಿಂತ ಹೆಚ್ಚು ತಡಕೊಳ್ಳಂಗಿಲ್ಲ."

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಇನ್ನು ಮುಂದಿನ ಭಾನುವಾರ ಇಲ್ಲ. ಅವಳು ಚಹಾ ತರುತ್ತೇನೆಂದು ಕೆಳಗೆ ಇಳಿದಳು.

ಓಬಳೇಶ ಕಂಪ್ಯೂಟರಿನ ಮುಚ್ಚಳ ಹಾಕಬೇಕಿತ್ತು. ಮುಂಭಾಗದಲ್ಲಿ 'ಟರ್ಬೊ' ಅನ್ನುವ ಒಂದು ಬಟನ್ ಇತ್ತು. ಅದರಿಂದ ಒಳಗಿನ ಬೋರ್ಡಿಗೆ ಹೋಗುವ ಸಣ್ಣ ಹಳದಿ ವೈರು ಕಿತ್ತರೆ ಸಾಕು, ಮುಂದೆ ದೀಪ ಹತ್ತಿಕೊಂಡೇ ಇದ್ದರೂ ಯಂತ್ರ ಅರ್ಧ ವೇಗದಲ್ಲಿ ಓಡುತ್ತದೆ. ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಕೈ ನಿಲ್ಲುತ್ತಿತ್ತು. ವೈರು ಕಿತ್ತ, ಬೇರೆ ಯಾವುದಕ್ಕೂ ತಗುಲಬಾರದೆಂದು ಮಡಚಿ ದಾರದಿಂದ ಕಟ್ಟಿದ, ಮುಚ್ಚಳ ಹಾಕಿದ. ಒಂದೇ ಒಂದು ಭಾನುವಾರ ಅಂದುಕೊಂಡ. ಮುಂದಿನ ವಾರ ಬಂದು ಸರಿ ಮಾಡಿದರಾಯಿತು.

ಅವಳು ತಂದ ಚಹಾ ಅವನಿಗೆ ರುಚಿಸಲಿಲ್ಲ.

*

ಗುರುವಾರ ಅಂಗಡಿಯ ಫೋನು ಹೊಡೆದುಕೊಂಡಿತು. ಗಿರಣಿಯ ಗದ್ದಲದ ನಡುವೆ ಅವಳ ಧ್ವನಿ.

"ಮತ್ತ ನಿಧಾನ ಆಗೇತ್ರಿ. ಎರಡು ನಿಮಿಷ ಇಪ್ಪತ್ತು."

ಓಬಳೇಶನ ಎದೆ ಒಮ್ಮೆ ಕುಣಿಯಿತು. ತಕ್ಷಣವೇ ನಾಚಿಕೆಯಾಯಿತು. "ಐತ್ವಾರ ಬರ್ತೀನ್ರಿ."

"ಐತ್ವಾರಕ್ಕ ತಡ ಆಗ್ತೈತಿ. ಸೋಮವಾರ ಸರ್ವೇ ಮೇಡಂ ಬರ್ತಾರ. ಇನ್ನೂ ಹದಿನೆಂಟು ನಕ್ಷಿ ಉಳದಾವ. ಅಷ್ಟೂ ಕೊಡದಿದ್ರ ಉಳಿದ ಕೆಲಸ ಎಲ್ಲಾ ಮದ್ರಾಸಿನ ಕಂಪನಿಗೆ ಹೋಗ್ತೈತಿ. ಮೂರು ದಿನದಿಂದ ಒದ್ದಾಡಾಕ್ಹತ್ತೀನಿ."

ಕೆಲಸ ಒಪ್ಪಿಸುವುದು ಏಪ್ರಿಲ್‌ನಲ್ಲಿ ಎಂದು ಅವನು ತಿಳಿದಿದ್ದ. ಅಂಗಡಿಯ ಷಟರ್ ಎಳೆದು ಮಧ್ಯಾಹ್ನದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಲೆಕ್ಕ: ಮುಚ್ಚಳ ತೆಗೆದು, ಅವಳು ಅತ್ತ ತಿರುಗಿದಾಗ ವೈರು ಸಿಕ್ಕಿಸಿದರೆ ಮುಗಿಯಿತು. ಇನ್ನೆಂದೂ ಹೀಗೆ ಮಾಡುವುದಿಲ್ಲ.

ಅವಳು ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕಂಪ್ಯೂಟರು ಓಡುತ್ತಿತ್ತು.

"ಏನಾಗಿರಬೇಕ್ರಿ?" ಅಂದಳು ಮೆಲ್ಲಗೆ.

"ಯಾವುದೋ ವೈರು ಲೂಸ್ ಆಗಿರಬೇಕು."

ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಗೇಣುದ್ದದ ಬಿಳಿ ದಾರ.

"ತಾನಾಗೇ ಬಿದ್ದ ವೈರು ದಾರ ಕಟ್ಟಿಕೊಳ್ಳಂಗಿಲ್ಲ, ಓಬಳೇಶ್."

ಗಿರಣಿಯ ಮೋಟರು ಹಾಗೇ ಗುಡುಗುತ್ತಿತ್ತು. ಅವಳು ಟೇಬಲ್ಲಿನ ಮೇಲಿದ್ದ ಹಾಳೆ ತೋರಿಸಿದಳು. ಫೋನಿಟ್ಟ ಮೇಲೆ ತಡೆಯಲಾರದೆ ನಾಲ್ಕೂ ಸಾಫ್ಟ್‌ವೇರ್ ಓಡಿಸಿದ್ದಳು. ಡಿಸ್ಕ್ ಇದ್ದ ಹಾಗೇ ಇತ್ತು. ಬಣ್ಣದ ಪಟ್ಟಿಯದನ್ನು ನಂಬುವ ಹಾಗಿರಲಿಲ್ಲ. ದಶಮಾಂಶದ ಲೆಕ್ಕ ಅರ್ಧ. ಅವಳು ಮೊದಲ ಭಾನುವಾರ ಬದಿಗಿಟ್ಟಿದ್ದ ಮ್ಯಾಗಜಿನ್ನಿನ ಸಾಫ್ಟ್‌ವೇರ್ 21ರ ಬದಲು 10 ತೋರಿಸಿತು. ಅಂದರೆ ಮೆಮರಿಯದಲ್ಲ, ಚಿಪ್ಪಿನದಲ್ಲ, ಇಡೀ ಯಂತ್ರದ ಓಟವೇ ಅರ್ಧಕ್ಕಿಳಿದಿದೆ. ಸ್ಕ್ರೂ ಬಿಚ್ಚಿದಳು, ತನ್ನ ಪೆನ್ಸಿಲ್ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ವೈರು ಹೋಲಿಸಿದಳು. ಹಳದಿ ವೈರಿನ ಹತ್ತಿರ ಕೈ ನಿಂತಿತು.

"ಫೋನ್‌ನಾಗ ಗೊತ್ತಿರಲಿಲ್ಲ. ನೀವು ಬಸ್ಸಿನಾಗ ಇದ್ದಾಗ ಗೊತ್ತಾತು. ನೀವಾಗೇ ಹೇಳ್ತೀರೇನೋ ಅಂತ ಕೇಳಿದೆ," ಅಂದಳು.

"ತಪ್ಪಾತ್ರಿ..." ಅಂದ ಓಬಳೇಶ. "ಮತ್ತ ಬರಾಕ ಕಾರಣ ಇರಲಿಲ್ಲ."

"ಕಾರಣ!" ಅಂದಳು. "ನಾ ಲಗ್ನ ಆದವ ನನ್ನ ಒಮ್ಮೆನೂ ಹೊಡದಿಲ್ಲ. ಎಲ್ಲಾರೂ ಅವನ್ನ ಒಳ್ಳೇವಾ ಅಂತಾರ. ನನ್ನ ಚಷ್ಮಾ ಮುಚ್ಚಿಡ್ತಿದ್ದ. ಪೆನ್ನು, ಡಿಪ್ಲೊಮಾ ಸರ್ಟಿಫಿಕೇಟು, ಬೀಗದ ಕೈ. ನಾ ಮನಿ ಎಲ್ಲಾ ಹುಡುಕಿ ಅತ್ತ ಮ್ಯಾಲೆ ತಂದು ಕೊಡ್ತಿದ್ದ. ನಾ ಇಲ್ಲಂದ್ರ ನಿನಗ ಏನೂ ಸಿಗಂಗಿಲ್ಲ ನೋಡು, ಅಂತಿದ್ದ. ನನಗ ತಲಿ ಕೆಟ್ಟೈತಿ ಅಂತ ಎರಡು ವರ್ಷ ನಾನೂ ನಂಬಿದ್ದೆ. ಅದಕ್ಕ ಬರದಿಡಾಕ ಸುರು ಮಾಡಿದೆ. ಯಾವುದು ಎಲ್ಲಿಟ್ಟೆ, ಎಷ್ಟೊತ್ತಿಗಿಟ್ಟೆ. ಬರದಿದ್ದರಿಂದ ಅವನ ಕಳ್ಳಾಟ ಗೊತ್ತಾಗಿ ಹೊರಗ ಬಂದೆ."

ಅವಳು ಕಂಪ್ಯೂಟರಿನ ಕಡೆ ಕೈ ತೋರಿದಳು.

"ಈ ಮೂರು ದಿನ ನನಗ ಏನನ್ನಿಸ್ತು ಗೊತ್ತೇನು? ನಾನ ಏನೋ ತಪ್ಪು ಅಳದೀನಿ ಅಂತ. ಮತ್ತ ನನ್ನ ಮ್ಯಾಲೇ ನನಗ ಅನುಮಾನ ಬಂತು." ಅವಳು ದಾರವನ್ನು ಅವನ ಕೈಗೆ ಹಾಕಿದಳು. "ವೈರು ನಾ ಸಿಕ್ಕಿಸೀನಿ. ಹೋಗ್ರಿ. ನನಗ ಕೆಲಸ ಐತಿ."

ಕಬ್ಬಿಣದ ಮೆಟ್ಟಿಲು ಇಳಿಯುವಾಗ ಅವನಿಗೆ ಎಷ್ಟು ಮೆಟ್ಟಿಲಿವೆ ಎಂಬುದೂ ತಿಳಿಯಲಿಲ್ಲ.

*

ಯುಗಾದಿ ಹೋಯಿತು, ಮಾರ್ಚ್ ಹೋಯಿತು. ಹದಿನೆಂಟು ನಕ್ಷೆ ಮುಗಿದವೋ ಇಲ್ಲವೋ ಓಬಳೇಶನಿಗೆ ತಿಳಿಯುವ ದಾರಿಯಿರಲಿಲ್ಲ. ಫೋನ್ ಮಾಡಲು ಎರಡು ಸಲ ನಂಬರು ತಿರುಗಿಸಿ ಮಧ್ಯದಲ್ಲೇ ಇಟ್ಟ.

ಬೇಸಿಗೆಯಲ್ಲಿ ಹೊಸಪೇಟೆಯ ರಸ್ತೆಗಳು ಕಾದ ಹಂಚಿನ ಹಾಗೆ. ಭಾನುವಾರಗಳು ಮತ್ತೆ ಹಳೆಯ ರೂಪಕ್ಕೆ ಬಂದವು. ಬಸ್ ಸ್ಟ್ಯಾಂಡಿಗೆ ಹೋಗುವುದನ್ನು ಮಾತ್ರ ಬಿಟ್ಟ. ಕಂಡಕ್ಟರು "ಕಂಪ್ಲಿ, ಕಂಪ್ಲಿ" ಎಂದು ಕೂಗುವುದನ್ನು ಕೇಳಲಾಗುತ್ತಿರಲಿಲ್ಲ. ಕೋಣೆಯಲ್ಲೇ ಅನ್ನ ಬೇಯಿಸಿಕೊಂಡು, ಉಪ್ಪಿನಕಾಯಿ ಹಚ್ಚಿಕೊಂಡು ಉಣ್ಣುತ್ತಿದ್ದ. ಇಬ್ಬರಿಗಾಗುವಷ್ಟು ಅಕ್ಕಿ ಹಾಕಿ ಆಮೇಲೆ ಅರ್ಧ ವಾಪಸು ತೆಗೆದಿಟ್ಟ ದಿನಗಳೂ ಇದ್ದವು.

ಮೊದಲು ಅವನಿಗೆ ತನ್ನ ಮೇಲೆ ಸಿಟ್ಟಿತ್ತು. ಆಮೇಲೆ ಅವಳು ಹೇಳಿದ್ದು ನಿಧಾನವಾಗಿ ಇಳಿಯಿತು. ತಾನು ಕಿತ್ತದ್ದು ವೈರು ಅಷ್ಟೇ ಅಲ್ಲ. ಹತ್ತು ವರ್ಷ ಅಂಕಿ ಮೇಲೆ ಅಂಕಿ ಬರೆದು ತನ್ನ ಬುದ್ಧಿಯ ಮೇಲೆ ತಾನೇ ಕಟ್ಟಿಕೊಂಡ ನಂಬಿಕೆಯನ್ನು ಮೂರು ದಿನ ಅಲ್ಲಾಡಿಸಿಬಿಟ್ಟಿದ್ದ.

ಮೇ ತಿಂಗಳಲ್ಲಿ ಒಂದು ಕಾಗದ ಬರೆದ. ನಾಲ್ಕು ಸಲ ಹರಿದು ಐದನೆಯದನ್ನು ಅಂಚೆ ಡಬ್ಬಿಗೆ ಹಾಕಿದ. 'ಅಳತೆ ತಪ್ಪಿರಲಿಲ್ಲ. ನಿಮ್ಮ ಯಾವ ಅಳತೆಯೂ ಒಂದು ಸಲವೂ ತಪ್ಪಿಲ್ಲ. ತಪ್ಪಿದ್ದು ನಾನು. ಇದಕ್ಕೆ ಉತ್ತರ ಬರೆಯಬೇಕಂತಿಲ್ಲ.' ಕೆಳಗೆ ಸಹಿ.

ಉತ್ತರ ಬರಲಿಲ್ಲ. ಕಮಲಾಪುರದ ಸರ್ವೇ ಆಫೀಸಿನಿಂದ ಮೂರು ಕಂಪ್ಯೂಟರುಗಳಿಗೆ ಚಿಪ್ ಹಾಕಿಸುವ ಆರ್ಡರ್ ಬಂತು. ಜೊತೆಗೆ ಟೈಪ್ ಮಾಡಿದ ವರದಿಯ ಒಂದು ಪ್ರತಿ. ಮುಂಚೆ, ಆಮೇಲೆ, ನಿಯಮಗಳು, ಮೂರು ಮೂರು ಅಳತೆ. ಕೊನೆಯಲ್ಲಿ 'ಕೆಲಸ ಮಾಡಿದವರು: ಓಬಳೇಶ, ಹೊಸಪೇಟೆ. ಕೆಲಸ ಅಚ್ಚುಕಟ್ಟು.' ವರದಿಯ ತಾರೀಖು ಮಾರ್ಚಿನ ಮಧ್ಯದ್ದು. ಅಷ್ಟೆಲ್ಲ ಆದ ಮೇಲೂ ಅವಳು ನಿಜವನ್ನೇ ಬರೆದಿದ್ದಳು. ಓಬಳೇಶ ಆ ಸಾಲನ್ನು ಓದಿ ಅಂಗಡಿಯ ಒಳಕೋಣೆಗೆ ಹೋಗಿ ಬಹಳ ಹೊತ್ತು ಕುಳಿತ.

ಜುಲೈನಲ್ಲಿ, ಕಾಲುವೆಗೆ ನೀರು ಬಿಟ್ಟ ವಾರ, ಒಂದು ಪೋಸ್ಟ್ ಕಾರ್ಡ್ ಬಂತು.

'ಐತವಾರ ಬರಬೇಕು. ಏನೂ ತರಬಾರದು. ಕಂಪ್ಯೂಟರ್ ಚೆನ್ನಾಗಿದೆ. ಮ.'

*

ಅವನು ಬರಿಗೈಯಲ್ಲಿ ಹೋದ. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅವಳು ಗಿರಣಿಯ ಗೇಟಿನಲ್ಲೇ ನಿಂತಿದ್ದಳು. ತೆಳ್ಳಗಾಗಿದ್ದಳು. ಕಬ್ಬಿಣದ ಮೆಟ್ಟಿಲ ಕಡೆ ತಿರುಗಿದವನನ್ನು ತಡೆದಳು. "ಅಲ್ಲಲ್ಲ. ಇತ್ತ ಬರ್ರಿ." ಇಷ್ಟು ದಿನ ಅವನು ಕಾಣದಿದ್ದ ಮನೆಯ ಮುಂಬಾಗಿಲು. ಪಡಸಾಲೆಯಲ್ಲಿ ಅವಳ ಅಣ್ಣ ಕೊಟ್ರಯ್ಯ ಪೇಪರ್ ಓದುತ್ತಿದ್ದ. ಹಣೆಯ ತುಂಬ ವಿಭೂತಿ. ಅತ್ತಿಗೆ ಮುದುಕಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಮತ್ತೇನು ಕೆಟ್ಟೈತಿ?" ಅಂದ ಕೊಟ್ರಯ್ಯ ಪೇಪರಿನಿಂದ ಕಣ್ಣು ತೆಗೆಯದೆ.

"ಏನೂ ಕೆಟ್ಟಿಲ್ಲ ಅಣ್ಣ. ಇವರು ರಿಪೇರಿಗೆ ಬಂದಿಲ್ಲ. ನನ್ನ ನೋಡಾಕ ಬಂದಾರ. ನಾ ಕರಸೀನಿ."

ಪೇಪರು ಕೆಳಗಿಳಿಯಿತು. ಕೊಟ್ರಯ್ಯ ಓಬಳೇಶನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಯಾವೂರು?"

"ಬಂಡ್ರಿ ರೀ. ಮಾರೆಪ್ಪನ ಮಗ. ನಾಯಕರ ಪೈಕಿ." ಮುಂದಿನ ಪ್ರಶ್ನೆ ಏನೆಂದು ಗೊತ್ತಿದ್ದರಿಂದ ಓಬಳೇಶ ಅದಕ್ಕೂ ಸೇರಿಸಿ ಉತ್ತರ ಕೊಟ್ಟ.

"ರಿಪೇರಿಗೆ ಬರೂದು ಬ್ಯಾರೆ. ಹಿಂಗ ಬರೂದು ಬ್ಯಾರೆ."

"ಗೊತ್ತೈತ್ರಿ."

ಕೊಟ್ರಯ್ಯ ತಂಗಿಯ ಮುಖ ನೋಡಿದ. ಅಲ್ಲಿ ಏನು ಕಂಡನೋ, ಬೈಯಲಿಲ್ಲ. ಪೇಪರು ಮಡಚಿಟ್ಟ, ಚಪ್ಪಲಿ ಮೆಟ್ಟಿದ, ಗೇಟು ದಾಟಿ ಹೋದ. ಮುದುಕಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಸರಿದಳು. ಒಳಗೆ ಒಂದು ಪಾತ್ರೆ ಬಿದ್ದ ಸದ್ದು.

"ಬೈದಿದ್ರ ಚಲೋ ಇತ್ತು," ಅಂದಳು ಮರುಳಸಿದ್ದಮ್ಮ. ಕುರ್ಚಿಯ ತುದಿಗೆ ಕುಳಿತಳು. "ಸರ್ವೇದವರು ಇನ್ನೆರಡು ವರ್ಷದ ಕೆಲಸ ಕೊಟ್ಟಾರ. ಕಮಲಾಪುರದಾಗ ಒಂದು ಮನಿ ನೋಡೀನಿ. ಒಬ್ಬಾಕಿನ ಇರ್ತೀನಿ. ಇದು ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ. ನಿಮ್ಮ ಮ್ಯಾಲಿನ ಸಿಟ್ಟು ಪೂರ್ತಿ ಹೋಗಿಲ್ಲ, ಅದನ್ನೂ ಹೇಳಿಬಿಡ್ತೀನಿ."

"ಹೋಗೂದು ಬ್ಯಾಡ್ರಿ. ಇರಲಿ."

"ಈಗ ನೀವು ಹೇಳ್ರಿ. ಯಾಕ ಬಂದ್ರಿ?"

ಓಬಳೇಶನಿಗೆ ಒಂದು ನೆಪವೂ ಸಿಗಲಿಲ್ಲ. ಬೇಕಾಗಲೂ ಇಲ್ಲ.

"ನಿಮ್ಮ ಜೋಡಿ ಇರಬೇಕು ಅನ್ನಿಸ್ತೈತ್ರಿ ನನಗ. ಮೊದಲನೇ ದಿನದಿಂದ. ಬ್ಯಾರೆ ಕಾರಣ ಏನೂ ಇಲ್ಲ. ನೀವು ಬ್ಯಾಡ ಅಂದ್ರ ಹೋಗ್ತೀನಿ. ಆದ್ರ ಸುಳ್ಳು ಹೇಳಿ ಮಾತ್ರ ಇನ್ನ ಬರಂಗಿಲ್ಲ."

ಅವಳು ತಲೆ ತಗ್ಗಿಸಿದಳು. ಒಂದು ಹನಿ ಸೀರೆಯ ಮೇಲೆ ಬಿತ್ತು. "ಇಷ್ಟನ್ನ ಅವತ್ತ ಹೇಳಿದ್ರ ಆಗ್ತಿರಲಿಲ್ಲೇನು?" ಅಂದಳು. "ನಾನೂ ಚಹಾ ತರಾಕ ಅಂತ ಕೆಳಗ ಹೋಗಿ ಅಳಾಕ್ಹತ್ತಿದ್ದೆ."

ಕೊಟ್ರಯ್ಯ ಊಟಕ್ಕೆ ಬರಲಿಲ್ಲ. ಮುದುಕಮ್ಮ ಇಬ್ಬರಿಗೂ ಪಡಸಾಲೆಯಲ್ಲೇ ತಾಟು ತಂದಿಟ್ಟಳು. ಮಾತಾಡಲಿಲ್ಲ, ಆದರೆ ಓಬಳೇಶನಿಗೆ ಎರಡನೇ ಸಲ ಸಾರು ಬಡಿಸಿದಳು.

ನಾಲ್ಕು ಗಂಟೆಗೆ ಮರುಳಸಿದ್ದಮ್ಮ ಕಮಲಾಪುರದ ಮನೆ ನೋಡಿಕೊಂಡು ಬರುತ್ತೇನೆಂದು ಅತ್ತಿಗೆಗೆ ಹೇಳಿ ಅವನ ಜೊತೆಗೇ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಗುರುತಿಸದವರು ಯಾರೂ ಇರಲಿಲ್ಲ. ಭತ್ತದ ವ್ಯಾಪಾರಿಗಳು, ಹೂವಿನವಳು, ಅಣ್ಣನ ಗಿರಣಿಯ ಹಮಾಲರು. ಬಸ್ಸಿನ ಮುಂದಿನ ಸಾಲಿನಲ್ಲಿ ಹೆಂಗಸರ ಸೀಟು ಖಾಲಿ ಇತ್ತು. ಅವಳು ಅದನ್ನು ದಾಟಿ ಹಿಂದೆ ಬಂದು ಓಬಳೇಶನ ಪಕ್ಕದಲ್ಲಿ ಕುಳಿತಳು.

ಮುಂದಿನ ಸೀಟುಗಳಿಂದ ಒಂದೊಂದೇ ತಲೆ ತಿರುಗಿತು. ಅವಳು ಕಿಟಕಿಯ ಆಚೆ ನೋಡಲಿಲ್ಲ, ನೇರ ಮುಂದೆ ನೋಡಿದಳು. ಕಿವಿಯ ತುದಿ ಕೆಂಪಗಿತ್ತು.

ಕಂಡಕ್ಟರು ಬಂದು ನಿಂತ. ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದ. "ಎಲ್ಲಿಗ್ರಿ, ಅಕ್ಕಾರ?"

"ಕಮಲಾಪುರ," ಅಂದಳು ಮರುಳಸಿದ್ದಮ್ಮ, ಇಡೀ ಬಸ್ಸಿಗೆ ಕೇಳುವ ಹಾಗೆ. "ಎರಡು ಕೊಡ್ರಿ."